ಪೈಂಟ್ ಲೋಟದ ಮೇಲಿನ ಒಂದು ಬೆರಳು

ಬ್ರಿಟನ್ನಿನ ಪಬ್ಬಿನಲ್ಲಿ ‘ಒಂದು ಪೈಂಟ್’ ಎಂದು ಹೇಳಿ ದುಡ್ಡು ಕೊಟ್ಟವನಿಗೆ ಸಿಗಬೇಕಾದದ್ದು 568 ಮಿಲಿಲೀಟರ್ ಬಿಯರ್. ನಿಜವಾಗಿ ಸಿಗುವುದೆಷ್ಟು ಎಂಬುದನ್ನು ಅಲ್ಲಿನ ಚಾರ್ಟರ್ಡ್ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಟ್ 2024ರ ಮೇ ತಿಂಗಳಲ್ಲಿ ಒಂದು ವರದಿಯಲ್ಲಿ ಬಿಚ್ಚಿಟ್ಟಿತು. ಅಳತೆ ತಪಾಸಣೆಯವರು ಗಿರಾಕಿಗಳ ಹಾಗೆ 77 ಕಡೆ ಹೋಗಿ, ಬಿಯರ್ ಮತ್ತು ವೈನ್ ಸೇರಿ 137 ಲೋಟ ಕೊಂಡು ಅಳೆದಿದ್ದರು. 96ರಲ್ಲಿ ಮಾಲು ಕಡಿಮೆ ಇತ್ತು. ಬಿಯರ್ ಒಂದನ್ನೇ ಹಿಡಿದರೆ ನೂರಕ್ಕೆ 86 ಲೋಟ ಕೊರೆ. ಸರಾಸರಿ ಕೊರತೆ ಶೇ. 4. ಒಬ್ಬ ಸಾಧಾರಣ ಬಿಯರ್ ಕುಡುಕನಿಗೆ ಇದರಿಂದ ವಾರಕ್ಕೆ 1.70 ಪೌಂಡ್, ವರ್ಷಕ್ಕೆ 88 ಪೌಂಡ್ ಚಿಲ್ಲರೆ ನಷ್ಟ ಎಂದು ಲೆಕ್ಕ ಹಾಕಿದ್ದರು.

ಶೇ. 4 ಎಂದರೆ ಪೈಂಟಿನಲ್ಲಿ 23 ಎಂ.ಎಲ್. ಒಂದು ಗುಟುಕು. ಅಷ್ಟಕ್ಕಾಗಿ ಸಂಜೆ ಹಾಳು ಮಾಡಿಕೊಂಡು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರು ಯಾರು? ಯಾರೂ ನಿಲ್ಲುವುದಿಲ್ಲ ಎಂಬುದು ಪಬ್ಬಿನವರಿಗೂ ಗೊತ್ತು. ‘ಕಡಿಮೆ ಕುಡಿದರೆ ಆರೋಗ್ಯಕ್ಕೆ ಒಳ್ಳೆಯದೇ ತಾನೆ’ ಎಂದು ಕೇಳುವವರೂ ಇದ್ದಾರೆ. ಕುಡಿಯುವುದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ ಇರಲಿ. ದುಡ್ಡು ಕೊಟ್ಟಷ್ಟು ಮಾಲು ಬಂತೇ ಎಂಬ ಪ್ರಶ್ನೆ ಬೆಲ್ಲಕ್ಕೂ ಒಂದೇ, ಬಿಯರಿಗೂ ಒಂದೇ.

ಲೋಟ ಕಡಿಮೆ ಬಂದಾಗ ನಮ್ಮ ಕೋಪ ತಿರುಗುವುದು ನಲ್ಲಿಯ ಹಿಂದೆ ನಿಂತ ಹುಡುಗನ ಕಡೆಗೆ. ಆದರೆ ಅವನ ಕೈಚಳಕದ ಪಾಲು ಇದರಲ್ಲಿ ಸಣ್ಣದು. ಎಷ್ಟು ಕಡಿಮೆ ಬರುತ್ತದೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಪಬ್ಬಿನ ಮಾಲೀಕರು ಯಾವ ಲೋಟ ಕೊಂಡರು ಎಂಬಲ್ಲಿ. ಅದಕ್ಕೇ ಲೋಟದಿಂದಲೇ ಶುರು ಮಾಡುವುದು ಒಳ್ಳೆಯದು.

ಪೈಂಟ್ ಲೋಟಗಳಲ್ಲಿ ಎರಡು ಜಾತಿ. ಮೊದಲನೆಯದು ಬಾಯಂಚಿನ ಲೋಟ: ಕಂಠಮಟ್ಟ, ಅಂದರೆ ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು ತುಂಬಿದಾಗ ಮಾತ್ರ ಅದರಲ್ಲಿ ಒಂದು ಪೈಂಟ್ ಹಿಡಿಯುತ್ತದೆ. ಎರಡನೆಯದು ಗೀರಿನ ಲೋಟ: ಅಂಚಿನಿಂದ ಕೆಳಗೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಅಳತೆಯ ಅಂಕಿ. ದ್ರವ ಆ ಗೀರಿಗೆ ಮುಟ್ಟಿದರೆ ಪೈಂಟ್ ಪೂರ್ತಿ. ಮೇಲೆ ಉಳಿದ ಜಾಗ ನೊರೆಗೆ. ಬ್ರಿಟನ್ನಿನ ಬಹುಪಾಲು ಪಬ್ಬುಗಳು ಬಳಸುವುದು ಬಾಯಂಚಿನ ಲೋಟವನ್ನೇ. ಆ ಲೋಟದಲ್ಲಿ ಒಂದು ಚೂರು ನೊರೆ ಬಂದರೂ ಅಷ್ಟು ಬಿಯರ್ ಕಡಿಮೆಯಾಗಲೇಬೇಕು. ಬೇರೆ ದಾರಿಯೇ ಇಲ್ಲ. ಇನ್‌ಸ್ಪೆಕ್ಟರುಗಳು ಅಳೆದ ನೂರರಲ್ಲಿ 86 ಬಿಯರ್ ಕೊರೆಯಾದದ್ದಕ್ಕೆ ಆಶ್ಚರ್ಯ ಪಡಬೇಕಾಗಿಲ್ಲ. ಉಳಿದ 14 ಹೇಗೆ ತುಂಬಿದವು ಎಂದು ಆಶ್ಚರ್ಯ ಪಡಬೇಕು.

ಒಂದು ಬೆರಳಿನಷ್ಟು ನೊರೆಗೆ ಎಷ್ಟು ಬಿಯರ್ ಹೋಗುತ್ತದೆ? ಪೈಂಟ್ ಲೋಟ ಸಾಮಾನ್ಯವಾಗಿ ಬುಡದಲ್ಲಿ ಕಿರಿದು, ಬಾಯಲ್ಲಿ ಅಗಲ. ಬಾಯಿಯ ಒಳ ಅಗಲ ಎಂಟೂವರೆ ಸೆಂಟಿಮೀಟರ್ ಎಂದುಕೊಳ್ಳಿ. ಶಾಲೆಯ ಗಣಿತ ಸಾಕು: ಅಂಚಿನ ಹತ್ತಿರದ ಒಂದೊಂದು ಸೆಂಟಿಮೀಟರಿನಲ್ಲೂ ಸುಮಾರು 57 ಎಂ.ಎಲ್. ಹಿಡಿಯುತ್ತದೆ, ಅಂದರೆ ಪೈಂಟಿನ ಹತ್ತನೇ ಒಂದು ಪಾಲು. ಅದೇ ಲೋಟದ ಬುಡ ಆರು ಸೆಂಟಿಮೀಟರ್ ಅಗಲವಿದ್ದರೆ ಅಲ್ಲಿನ ಒಂದು ಸೆಂಟಿಮೀಟರಿನಲ್ಲಿ 28 ಎಂ.ಎಲ್. ಮಾತ್ರ. ಕಣ್ಣು ನೋಡುವುದು ಎತ್ತರವನ್ನು. ಹದಿನೈದು ಸೆಂಟಿಮೀಟರ್ ಎತ್ತರದ ಲೋಟದಲ್ಲಿ ಒಂದು ಸೆಂಟಿಮೀಟರ್ ಖಾಲಿ ಕಂಡರೆ ‘ಹದಿನೈದರಲ್ಲಿ ಒಂದು ತಾನೆ’ ಅನ್ನಿಸುತ್ತದೆ. ಹೋದದ್ದು ಹತ್ತರಲ್ಲಿ ಒಂದು. ಇನ್ನು ಒಂದು ಬೆರಳು ದಪ್ಪದ ನೊರೆ, ಅಂದಾಜು ಒಂದೂವರೆ ಸೆಂಟಿಮೀಟರ್, 85 ಎಂ.ಎಲ್. ಜಾಗ ತಿನ್ನುತ್ತದೆ. ನೊರೆಯೊಳಗೂ ಐದನೇ ಒಂದು ಪಾಲು ದ್ರವ ಇದೆ ಎಂದು ಧಾರಾಳವಾಗಿ ಹಿಡಿದರೆ 17 ಎಂ.ಎಲ್. ವಾಪಸ್ ಬಂತು. ನಿವ್ವಳ ನಷ್ಟ 68. ಪೈಂಟಿನ ದುಡ್ಡು ಕೊಟ್ಟವನ ಕೈಗೆ ಬಂದದ್ದು ಅರ್ಧ ಲೀಟರ್.

ಹಿಂದೆ ಮನೆ ಬಾಗಿಲಿಗೆ ಹಾಲು ತರುವವರು ಎತ್ತರದಿಂದ ಪಾವಿಗೆ ಸುರಿದು ನೊರೆ ಸಮೇತ ಅಳೆದರೆ ಅಜ್ಜಿಯರು ಬಿಡುತ್ತಿರಲಿಲ್ಲ: ‘ನೊರೆ ಇಳೀಲಿ, ಆಮೇಲೆ ಅಳಿ.’ ಬಿಯರಿನಲ್ಲಿ ಆ ಮಾತು ಅಷ್ಟು ಸುಲಭವಾಗಿ ನಡೆಯದಿರಲು ಎರಡು ಕಾರಣ. ಬಿಯರಿನ ನೊರೆಯನ್ನು ಗಿರಾಕಿಯೇ ಬಯಸುತ್ತಾನೆ. ನೊರೆಯಿಲ್ಲದ ಬಿಯರ್ ಸತ್ತ ಬಿಯರ್ ಎಂದು ವಾಪಸ್ ಕಳಿಸುವವರು ಬೇಕಾದಷ್ಟು ಜನ. ಎರಡನೆಯದು, ಬಿಯರ್ ನೊರೆ ಬೇಗ ಇಳಿಯುವುದಿಲ್ಲ. ಬಾರ್ಲಿಯ ಪ್ರೋಟೀನು ಮತ್ತು ಹಾಪ್ಸ್ ಹೂವಿನ ಕಹಿ ಅಂಶ ಸೇರಿ ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳ ಸುತ್ತ ಗಟ್ಟಿ ಪೊರೆ ಕಟ್ಟುತ್ತವೆ. ಸೋಡಾದ ನೊರೆ ಕ್ಷಣದಲ್ಲಿ ಹೋಗುವುದು, ಬಿಯರಿನದು ನಿಮಿಷಗಟ್ಟಲೆ ನಿಲ್ಲುವುದು ಇದರಿಂದಲೇ. ಮ್ಯೂನಿಕ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಆರ್ಂಡ್ ಲೈಕೆ ಮೂರು ಬಗೆಯ ಬಿಯರುಗಳ ನೊರೆ ಇಳಿಯುವುದನ್ನು ಗಡಿಯಾರ ಹಿಡಿದು ಅಳೆದು, ಅದು ವಿಕಿರಣ ವಸ್ತುಗಳು ಕ್ಷಯಿಸುವ ಗಣಿತವನ್ನೇ ಅನುಸರಿಸುತ್ತದೆ ಎಂದು ತೋರಿಸಿದರು. ಮೊದಲು ಸರಸರ ಇಳಿದು, ಆಮೇಲೆ ಇಳಿಕೆ ನಿಧಾನವಾಗುತ್ತ ಹೋಗುತ್ತದೆ. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆಂದು ಕೊಡುವ ಇಗ್ ನೊಬೆಲ್ ಬಹುಮಾನ ಅವರಿಗೆ 2002ರಲ್ಲಿ ಬಂತು. ಮೂರರಲ್ಲಿ ಹೆಚ್ಚು ಹೊತ್ತು ನಿಂತದ್ದು ಗೋಧಿ ಬಿಯರಿನ ನೊರೆ. ಗಿನ್ನೆಸ್‌ನಂಥ ಕಪ್ಪು ಬಿಯರಿಗೆ ನೈಟ್ರೋಜನ್ ಸೇರಿಸುತ್ತಾರೆ. ಅದು ದ್ರವದಲ್ಲಿ ಕರಗುವುದು ಕಡಿಮೆ, ಗುಳ್ಳೆಗಳು ಬಹಳ ಸಣ್ಣವು. ಹಾಗಾಗಿ ಆ ಕೆನೆ ಲೋಟ ಮುಗಿಯುವವರೆಗೂ ಜಾಗ ಬಿಡುವುದಿಲ್ಲ.

ನೊರೆ ಬರಿಸುವ ಉಪಾಯಗಳೂ ಹಲವು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕೈಪಂಪಿನ ಮೂತಿಗೆ ಸ್ಪಾರ್ಕ್ಲರ್ ಎಂಬ ಸಣ್ಣ ಜರಡಿ ಸಿಕ್ಕಿಸುತ್ತಾರೆ. ಬಿಯರ್ ಅದರ ತೂತುಗಳಿಂದ ಚಿಮ್ಮಿ ದಪ್ಪ ಕೆನೆ ಕಟ್ಟುತ್ತದೆ. ದಕ್ಷಿಣದವರಿಗೆ ಅದು ಕಂಡರಾಗದು. ಕೆಲವು ಲೋಟಗಳ ತಳದಲ್ಲಿ ಲೇಸರಿನಿಂದ ಕೊರೆದ ಸಣ್ಣ ಚಿತ್ತಾರ ಇರುತ್ತದೆ. ಆ ಒರಟು ಜಾಗದಿಂದ ಗುಳ್ಳೆಗಳು ಒಂದೇ ಸಮನೆ ಏಳುತ್ತ ಮೇಲಿನ ನೊರೆಯನ್ನು ಜೀವಂತ ಇಡುತ್ತವೆ. ಇದರಲ್ಲಿ ಮೋಸವೇನೂ ಇಲ್ಲ, ನೋಡಲೂ ಚೆನ್ನ. ಆದರೆ ಬಾಯಂಚಿನ ಲೋಟದ ಜೊತೆ ಇವು ಸೇರಿದಾಗ ನಷ್ಟ ಯಾರದು ಎಂಬುದು ಸ್ಪಷ್ಟ.

ಕಾನೂನು ಇದಕ್ಕೆ ಏನು ಹೇಳುತ್ತದೆ? ಬ್ರಿಟನ್ನಿನ ಆಳುವವರಿಗೆ ಬಿಯರ್ ಅಳತೆ ಬಹಳ ಹಳೆಯ ತಲೆನೋವು. 1215ರ ಮ್ಯಾಗ್ನಾ ಕಾರ್ಟಾದಲ್ಲೇ ವೈನಿಗೆ, ಏಲ್ ಎಂಬ ಬಿಯರಿಗೆ, ಧಾನ್ಯಕ್ಕೆ ರಾಜ್ಯವಿಡೀ ಒಂದೇ ಅಳತೆ ಇರಬೇಕೆಂಬ ಕಲಮು ಇದೆ. 1700ರ ಆಸುಪಾಸಿನಲ್ಲಿ ಮೂರನೇ ವಿಲಿಯಂ ಕಾಲದ ಕಾಯಿದೆ ಬಿಯರನ್ನು ಸರ್ಕಾರಿ ಮುದ್ರೆ ಒತ್ತಿದ ಪಾತ್ರೆಯಲ್ಲೇ ಮಾರಬೇಕೆಂದಿತು. 1824ರ ಕಾಯಿದೆ ಇಂಪೀರಿಯಲ್ ಗ್ಯಾಲನ್ ನಿಗದಿ ಮಾಡಿತು. ಅದರ ಎಂಟನೇ ಒಂದು ಭಾಗವೇ ಇವತ್ತಿನ ಪೈಂಟ್. ಲೋಟದ ಮೇಲಿನ ಕಿರೀಟದ ಮುದ್ರೆ ಎಷ್ಟೋ ತಲೆಮಾರುಗಳಿಗೆ ಭರವಸೆಯ ಗುರುತಾಗಿತ್ತು. 2006ರಿಂದ ಯುರೋಪಿನ ನಿಯಮದ ಪ್ರಕಾರ ಸಿ.ಇ. ಗುರುತು ಆ ಜಾಗಕ್ಕೆ ಬಂತು. ಬ್ರೆಕ್ಸಿಟ್ ಆದ ಮೇಲೆ ಬೇಕಾದವರು ಕಿರೀಟವನ್ನೂ ಹಾಕಿಕೊಳ್ಳಬಹುದೆಂದು ಸರ್ಕಾರ ಅನುಮತಿ ಕೊಟ್ಟಿತು. ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗದ ಅರ್ಧದಷ್ಟಾದರೂ ಲೋಟದೊಳಗಿನ ಬಿಯರಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಈಗ ನಡೆಯುವುದು 1985ರ ತೂಕ ಮತ್ತು ಅಳತೆ ಕಾಯಿದೆಯ ಮೇಲೆ. ನಲ್ಲಿಯ ಬಿಯರನ್ನು ಪೈಂಟಿನ ಮೂರನೇ ಒಂದು, ಅರ್ಧ, ಮೂರನೇ ಎರಡು, ಅರ್ಧದ ಗುಣಕಗಳು, ಈ ಅಳತೆಗಳಲ್ಲೇ ಮಾರಬೇಕು. ಮೂರನೇ ಎರಡಕ್ಕೆ ಅನುಮತಿ ಬಂದದ್ದು 2011ರಲ್ಲಿ. ಬಾಯಂಚಿನ ಲೋಟ ತಯಾರಿಸುವವರು ಅದನ್ನು ಹೇಳಿದ ಅಳತೆಗಿಂತ ಚಿಕ್ಕದಾಗಿ ಮಾಡುವಂತಿಲ್ಲ, ಕೊಂಚ ದೊಡ್ಡದಾದರೆ ಅಡ್ಡಿಯಿಲ್ಲ. ಇಷ್ಟೆಲ್ಲ ಬಿಗಿ ಇದ್ದೂ ಒಂದು ಕಡೆ ತೂತು ಉಳಿಯಿತು: ನೊರೆ ಪೈಂಟಿನೊಳಗೆ ಸೇರಿದ್ದೋ ಹೊರಗಿನದ್ದೋ? ನೊರೆಯಲ್ಲಿರುವ ಅನಿಲವನ್ನು ಅಳತೆಗೆ ಹಿಡಿಯಬಾರದು ಎಂಬ ಕಲಮನ್ನು 1985ರ ಕಾಯಿದೆಯಲ್ಲಿ ಬರೆದೇ ಇದ್ದರು, 43ನೆಯದು. ಅದನ್ನು ಜಾರಿಗೆ ಮಾತ್ರ ತರಲಿಲ್ಲ. ವರ್ಷಗಟ್ಟಲೆ ಕಾಯಿದೆ ಪುಸ್ತಕದಲ್ಲಿ ಮಲಗಿದ್ದು, ಕೊನೆಗೆ ರದ್ದಾಯಿತು. ಅದಕ್ಕೂ ಮೊದಲು, 1980ರ ದಶಕದ ಆರಂಭದಲ್ಲಿ, ಮಿತವಾದ ನೊರೆಯೂ ಗಿರಾಕಿ ಕೇಳಿದ ಪೈಂಟಿನ ಭಾಗವೇ ಎಂದು ಕೋರ್ಟ್ ಹೇಳಿಯಾಗಿತ್ತು.

ಹೀಗೆ ಕಾನೂನು ಬಿಟ್ಟ ಜಾಗವನ್ನು ವ್ಯಾಪಾರಿಗಳ ಸಂಘ ತುಂಬಿತು. ಬ್ರಿಟಿಷ್ ಬಿಯರ್ ಆಂಡ್ ಪಬ್ ಅಸೋಸಿಯೇಷನ್ನಿನ ಮಾರ್ಗಸೂಚಿಯಂತೆ, ನೊರೆ ಪೂರ್ತಿ ಇಳಿದ ಮೇಲೆ ಲೋಟದಲ್ಲಿ ಕನಿಷ್ಠ ಶೇ. 95 ದ್ರವ ಇರಬೇಕು. ಗಿರಾಕಿ ಕೇಳಿದರೆ ಮುಖ ಸಿಂಡರಿಸದೆ ಮತ್ತಷ್ಟು ಹಾಕಿಕೊಡಬೇಕು. ಮಾರುವವರೇ ತಮಗೆ ಎಷ್ಟು ಕಡಿಮೆ ಕೊಡಲು ಅವಕಾಶ ಎಂದು ಬರೆದುಕೊಂಡ ಸೂಚಿ ಇದು. ಕಿರಾಣಿ ಅಂಗಡಿಯವನು ಕಿಲೋ ಸಕ್ಕರೆಗೆ 950 ಗ್ರಾಂ ಕಟ್ಟಿ, ‘ಕೇಳಿದರೆ ಉಳಿದದ್ದು ಕೊಡ್ತೀನಿ’ ಎಂದರೆ ನಾವು ಒಪ್ಪುತ್ತೇವೆಯೇ? ಮೊದಲು ಹೇಳಿದ ಅಂಕಿಗಳನ್ನು ಈಗ ಮತ್ತೆ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. 137 ಲೋಟಗಳಲ್ಲಿ 41ರಲ್ಲಿ ಕೊರತೆ ಶೇ. 5 ಅಥವಾ ಹೆಚ್ಚಿತ್ತು. ಉಳಿದ 55 ಕೊರೆ ಲೋಟಗಳ ಕೊರತೆ ಅದಕ್ಕಿಂತ ಕಡಿಮೆ. ಅವುಗಳಲ್ಲಿ ಬಿಯರಿನವೆಲ್ಲ ಸಂಘದ ಲೆಕ್ಕದಲ್ಲಿ ‘ಸರಿಯಾದ’ ಲೋಟಗಳೇ.

ಶೇ. 5ರಿಂದ ಪಬ್ಬಿಗೆ ಏನು ಸಿಗುತ್ತದೆ ಎಂದು ನೋಡೋಣ. 50 ಲೀಟರ್ ಕೆಗ್ಗಿನಲ್ಲಿ ಪೂರ್ತಿ ಅಳತೆಯ 88 ಪೈಂಟ್ ಇವೆ. ಒಂದೊಂದರಲ್ಲೂ ಶೇ. 5 ಕಡಿಮೆ ಹಾಕಿದರೆ ಅದೇ ಕೆಗ್ಗು 92 ದಾಟುತ್ತದೆ. ಅಂದರೆ ನಾಲ್ಕೂವರೆ ಪೈಂಟ್ ಮೇಲಾದಾಯ. ವಾರಕ್ಕೆ ಹತ್ತು ಕೆಗ್ಗು ಹರಿಯುವ ಪಬ್ಬಿನಲ್ಲಿ 45 ಪೈಂಟ್. ಮಾಲೀಕರು ಇದಕ್ಕೆ ಕೊಡುವ ಸಮಜಾಯಿಷಿಯೂ ಪೂರ್ತಿ ಸುಳ್ಳಲ್ಲ. ನೆಲಮಾಳಿಗೆಯ ಕೆಗ್ಗಿನಿಂದ ಕೌಂಟರಿನ ನಲ್ಲಿಯವರೆಗೆ ಬರುವ ಪೈಪುಗಳನ್ನು ವಾರಕ್ಕೊಮ್ಮೆ ತೊಳೆಯಬೇಕು. ಪೈಪಿನಲ್ಲಿ ನಿಂತ ಬಿಯರನ್ನು ಆಗ ಚೆಲ್ಲಬೇಕಾಗುತ್ತದೆ. ಪೈಪು ಬಿಸಿಯಾದರೆ, ಅನಿಲದ ಒತ್ತಡ ಏರುಪೇರಾದರೆ, ಕೆಗ್ಗು ಮುಗಿಯುತ್ತ ಬಂದರೆ ಬರೀ ನೊರೆ ಉಕ್ಕಿ ಚರಂಡಿಗೆ ಹೋಗುತ್ತದೆ. ಈ ನಷ್ಟ ನಿಜವಾದದ್ದೇ. ಆದರೆ ಅದು ವ್ಯಾಪಾರದ ಖರ್ಚು. ಬೆಲೆಗೆ ಸೇರಿಸಿ ಬರೆಯಲಿ, ಗಿರಾಕಿಗೆ ಕಾಣುವಂತೆ. ಕಾಣದ ಹಾಗೆ ಲೋಟದಿಂದ ಮುರಿದುಕೊಳ್ಳುವುದನ್ನು ಯಾವ ಮಾತಿನಿಂದಲೂ ಸಮರ್ಥಿಸಲಾಗದು ಎಂದೇ ನನ್ನ ಅಭಿಪ್ರಾಯ.

ನಲ್ಲಿ ಹಿಡಿದ ಹುಡುಗನ ಸ್ಥಿತಿಯೂ ಇಲ್ಲೇ ತಿಳಿಯುತ್ತದೆ. ಸ್ಟಾಕ್ ಲೆಕ್ಕದವರು ಬಂದು ಎಷ್ಟು ಕೆಗ್ಗು ಖಾಲಿಯಾಯಿತು, ಗಲ್ಲಾದಲ್ಲಿ ಎಷ್ಟು ಪೈಂಟ್ ದಾಖಲಾಯಿತು ಎಂದು ತಾಳೆ ನೋಡುತ್ತಾರೆ. ಕಂಠಮಟ್ಟ ತುಂಬಿಸಿ ಕೊಟ್ಟವನ ಲೆಕ್ಕ ಕೊರೆ ಬೀಳುತ್ತದೆ, ನೊರೆ ಬಿಟ್ಟವನದು ಕೂಡುತ್ತದೆ. ಬೈಸಿಕೊಳ್ಳುವುದು ಯಾರೆಂದು ಊಹಿಸುವುದು ಕಷ್ಟವಲ್ಲ. ಇದರ ತಿರುವುಮುರುವೂ ಉಂಟು: ಪ್ರತಿ ಲೋಟದಲ್ಲೂ ಚೂರು ಚೂರು ಉಳಿಸಿ, ಹಾಗೆ ಉಳಿದ ನಾಲ್ಕು ಪೈಂಟನ್ನು ಬಿಲ್ಲಿಲ್ಲದೆ ಮಾರಿ ಜೇಬಿಗೆ ಹಾಕಿಕೊಂಡರೆ ಸ್ಟಾಕ್ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಆಗ ಮೋಸ ಹೋದವರು ಇಬ್ಬರು, ಗಿರಾಕಿ ಮತ್ತು ಮಾಲೀಕ.

ಇದಕ್ಕೆಲ್ಲ ಗೀರಿನ ಲೋಟವೇ ಮದ್ದು ಎಂದು 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಬಿಯರ್ ಪ್ರಿಯರ ಸಂಘಟನೆ ದಶಕಗಳಿಂದ ಹೇಳುತ್ತಿದೆ. ಅದು ನಡೆಸುವ ಬಿಯರ್ ಉತ್ಸವಗಳಲ್ಲಿ ಲೋಟದ ಮೇಲೆ ಮೂರನೇ ಒಂದು, ಅರ್ಧ, ಪೂರ್ತಿ ಪೈಂಟಿಗೆ ಒಂದೊಂದು ಗೆರೆ ಇರುತ್ತದೆ. ಪಬ್ಬಿನವರದು ಬೇರೆ ರಾಗ: ಲೋಟಗಳನ್ನೆಲ್ಲ ಬದಲಿಸಲು ದುಡ್ಡು ಯಾರು ಕೊಡಬೇಕು, ಗೀರಿನವರೆಗೆ ಸರಿಯಾಗಿ ಹಾಕಿಕೊಟ್ಟರೂ ಮೇಲಿನ ಖಾಲಿ ಜಾಗ ನೋಡಿ ಗಿರಾಕಿ ‘ಇದೇನಿದು, ತುಂಬಿಲ್ಲ’ ಅನ್ನುತ್ತಾನೆ. ಎರಡನೆಯ ದೂರಿನಲ್ಲಿ ಸತ್ಯ ಇಲ್ಲದಿಲ್ಲ. ತುಂಬಿ ತುಳುಕುವ ಲೋಟಕ್ಕೆ ಒಗ್ಗಿದ ಕಣ್ಣು ಗೆರೆಯನ್ನು ಹುಡುಕುವುದಿಲ್ಲ.

ಜರ್ಮನಿಯಲ್ಲಿ ಈ ವಾದವೇ ಇಲ್ಲ. ಬಿಯರ್ ಮಾರುವ ಲೋಟಕ್ಕೆ ಗೀರು, ಅಳತೆಯ ಅಂಕಿ, ತಯಾರಕರ ಗುರುತು ಮೂರೂ ಇರಬೇಕು. ಕೊಲೋನಿನ ಕಿರುಲೋಟದಲ್ಲಿ 0.2 ಲೀಟರಿನ ಗೀರು, ಮ್ಯೂನಿಕ್ಕಿನ ಮಾಸ್ ಎಂಬ ದೊಡ್ಡ ಮಗ್ಗಿನಲ್ಲಿ ಒಂದು ಲೀಟರಿನದು. ಗೀರು ಇದ್ದ ಮಾತ್ರಕ್ಕೆ ಬಿಯರ್ ಅಲ್ಲಿಗೆ ಮುಟ್ಟುತ್ತದೆಂಬ ಖಾತ್ರಿಯೇನೂ ಇಲ್ಲ. ಮ್ಯೂನಿಕ್ಕಿನ ಅಕ್ಟೋಬರ್ ಉತ್ಸವವೇ ಅದಕ್ಕೆ ಸಾಕ್ಷಿ. ಸಾವಿರಾರು ಜನ ಕೂಗುವ ಡೇರೆಯಲ್ಲಿ ಕೆಲವೇ ಸೆಕೆಂಡಿಗೆ ಒಂದು ಮಗ್ಗು ತುಂಬಿಸುವಾಗ ಬಹಳಷ್ಟು ನೊರೆ ಬರುತ್ತದೆ. ಇದರ ವಿರುದ್ಧ ಅಲ್ಲಿನ ಜನ ಸಂಘವನ್ನೇ ಕಟ್ಟಿಕೊಂಡಿದ್ದಾರೆ. ‘ಮೋಸದ ಸುರಿತದ ವಿರುದ್ಧದ ಸಂಘ’ ಎಂದು ಹೆಸರು. ಮೊದಲು 1899ರಲ್ಲಿ ಶುರುವಾಗಿ, 1970ರಲ್ಲಿ ಮತ್ತೆ ಜೀವ ಪಡೆಯಿತು. ಮಣ್ಣಿನ ಮಗ್ಗುಗಳ ಕಾಲದಲ್ಲಿ ಒಳಗೆ ಬಿಯರ್ ಎಷ್ಟು, ನೊರೆ ಎಷ್ಟು ಎಂದು ಕಾಣುತ್ತಲೇ ಇರಲಿಲ್ಲ. ಗಾಜು ಬಂದ ಮೇಲೆ ಸಂಘದವರಿಗೆ ಬೆರಳಿಟ್ಟು ತೋರಿಸಲು ಒಂದು ಗೆರೆಯಾದರೂ ಸಿಕ್ಕಿತು. ಬ್ರಿಟನ್ನಿನ ಗಿರಾಕಿಗೆ ಇಲ್ಲದ ಅನುಕೂಲ ಅದೇ. ಅವನು ‘ಕಡಿಮೆ ಇದೆ’ ಎಂದರೆ ‘ನನಗೆ ಸರಿಯಾಗೇ ಕಾಣುತ್ತಿದೆ’ ಎಂಬ ಉತ್ತರ ಬರುತ್ತದೆ. ಜರ್ಮನಿಯಲ್ಲಿ ಆ ಉತ್ತರ ಹೇಳಲು ಬಾಯಿ ಬರುವುದಿಲ್ಲ.

ಚೆಕ್ ದೇಶದವರು ನೊರೆಯನ್ನೇ ಕುಡಿಯುವ ಜನ. ಹ್ಲಾದಿಂಕಾ, ಷ್ನಿತ್, ಮ್ಲೀಕೊ ಎಂದು ನೊರೆಯ ಪ್ರಮಾಣದ ಮೇಲೆ ಬೇರೆ ಬೇರೆ ಸುರಿತಗಳು. ಕೊನೆಯದು ಬಹುತೇಕ ಬರೀ ಹಸಿ ನೊರೆ, ಹಾಲಿನ ಬಣ್ಣದ್ದು. ಅಲ್ಲಿ ಗಿರಾಕಿಗೆ ತಾನು ಏನು ಕೇಳುತ್ತಿದ್ದೇನೆಂದು ಗೊತ್ತಿರುತ್ತದೆ, ಆದ್ದರಿಂದ ಜಗಳವಿಲ್ಲ. ಅಮೆರಿಕದ್ದು ಇನ್ನೊಂದು ದಾರಿ. ಅಲ್ಲಿ ಪೈಂಟ್ ಎಂದರೆ 473 ಎಂ.ಎಲ್. ಎಂಬುದು ಸರಿ, ಆದರೆ ಬಾರಿನ ಲೋಟ ಅಷ್ಟು ಹಿಡಿಯಲೇಬೇಕೆಂಬ ದೇಶವ್ಯಾಪಿ ಕಟ್ಟುಪಾಡಿಲ್ಲ. ನೋಡಲು ಪೈಂಟ್ ಲೋಟದಂತೆಯೇ ಇದ್ದು, ತಳದ ಗಾಜು ದಪ್ಪವಾಗಿ, 414 ಎಂ.ಎಲ್. ಮಾತ್ರ ಹಿಡಿಯುವ ಲೋಟಗಳು ಅಲ್ಲಿ ಧಾರಾಳ. ಕುಡುಕರು ಅವಕ್ಕೆ ‘ಮೋಸದ ಪೈಂಟ್’ ಎಂದೇ ಹೆಸರಿಟ್ಟಿದ್ದಾರೆ. 2014ರಲ್ಲಿ ಐಡಹೋ ರಾಜ್ಯದ ಬಾಯ್ಸಿ ನಗರದ ಒಂದು ಕ್ರೀಡಾಂಗಣದಲ್ಲಿ ಹೆಚ್ಚು ಬೆಲೆಯ ‘ದೊಡ್ಡ’ ಬಿಯರನ್ನು ಕಡಿಮೆ ಬೆಲೆಯ ‘ಸಣ್ಣ’ ಕಪ್ಪಿಗೆ ಸುರಿದಾಗ ಪೂರ್ತಿ ಹಿಡಿಸಿತು. ಒಂದು ಕಪ್ಪು ಉದ್ದ, ಇನ್ನೊಂದು ಗಿಡ್ಡ, ಅಷ್ಟೇ ವ್ಯತ್ಯಾಸ. ಅದರ ವಿಡಿಯೋ ಹರಿದಾಡಿ ವಿಷಯ ಕೋರ್ಟಿಗೂ ಹೋಯಿತು.

ಈಗ ನಮ್ಮ ಬೆಂಗಳೂರಿಗೆ ಬರೋಣ. ಬ್ರಿಗೇಡ್ ರೋಡು, ಚರ್ಚ್ ಸ್ಟ್ರೀಟುಗಳಲ್ಲಿ ಪಬ್ಬುಗಳು 1980ರ ದಶಕದಿಂದಲೇ ಇವೆ. 2010ರ ಆಸುಪಾಸಿನಿಂದ ಇಂದಿರಾನಗರ, ಕೋರಮಂಗಲಗಳಲ್ಲಿ ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಮೈಕ್ರೋಬ್ರೂವರಿಗಳೂ ಬಂದವು. ಇಲ್ಲಿ ‘ಪೈಂಟ್’ ಎಂದರೆ ಸಾಮಾನ್ಯವಾಗಿ 330 ಎಂ.ಎಲ್. ಬಾಟಲಿ, ಲಂಡನ್ನಿನಿಂದ ಬಂದ ನೆಂಟರು ಮೊದಲ ಸಲ ಬೆಚ್ಚುತ್ತಾರೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಪೈಂಟ್ ಕೇಳಿದರೆ 425 ಎಂ.ಎಲ್. ಬರುತ್ತದೆ. ಹಾಗಾಗಿ ಎಲ್ಲಿಯೇ ಆಗಲಿ ಪೈಂಟು, ಮಗ್ಗು, ಗ್ಲಾಸು ಎಂಬ ಮಾತು ಬಿಟ್ಟು ‘ಎಷ್ಟು ಎಂ.ಎಲ್.?’ ಎಂದು ಕೇಳುವುದು ಮೊದಲ ಪಾಠ. ಮೆನುವಿನಲ್ಲಿ ಎಂ.ಎಲ್. ಬರೆದಿಲ್ಲದಿದ್ದರೆ ಕಡಿಮೆ ಕೊಟ್ಟರು ಎಂದು ದೂರಲು ನಿಮಗೆ ಆಧಾರವೇ ಇರುವುದಿಲ್ಲ.

ಬಾಟಲಿ ಬಿಯರಿನಲ್ಲಿ ಅಳತೆಯ ಮೋಸ ಅಪರೂಪ. ಸೀಲು ನಿಮ್ಮೆದುರೇ ಒಡೆಯುತ್ತದೆ. ಪ್ಯಾಕ್ ಮಾಡಿದ ಪದಾರ್ಥಗಳ ನಿಯಮದಂತೆ 650 ಎಂ.ಎಲ್. ಬಾಟಲಿಯೊಂದರಲ್ಲಿ 15 ಎಂ.ಎಲ್. ವರೆಗೆ ಹೆಚ್ಚುಕಡಿಮೆಗೆ ವಿನಾಯಿತಿ ಇದೆ. ಸರಾಸರಿ ಮಾತ್ರ ಕಡಿಮೆಯಾಗುವಂತಿಲ್ಲ. ತೊಂದರೆ ಇರುವುದು ನಲ್ಲಿಯಿಂದ ಬರುವ ಡ್ರಾಫ್ಟ್ ಬಿಯರಿನಲ್ಲಿ. ದಪ್ಪ ಗಾಜಿನ ಹಿಡಿಯ ಮಗ್ಗನ್ನು ಫ್ರಿಜ್ಜಿನಲ್ಲಿಟ್ಟು ಮಂಜು ಹಿಡಿಸಿ ತಂದರೆ ಕೈಗೆ ಹಿತ, ಆದರೆ ಒಳಗೋಡೆಯ ಮಂಜಿನ ಹರಳುಗಳಿಗೆ ತಾಗಿದ ಬಿಯರ್ ಇನ್ನಷ್ಟು ನೊರೆಯಾಗುತ್ತದೆ, ಹೊರಗಿನ ಮಸುಕಿನಿಂದ ಮಟ್ಟವೂ ಕಾಣುವುದಿಲ್ಲ. ಪಿಚರ್ ತರಿಸಿದರೆ ನೊರೆಯ ಮೇಲೆ ನೊರೆ: ನಲ್ಲಿಯಿಂದ ಪಿಚರಿಗೆ ಒಮ್ಮೆ, ಪಿಚರಿನಿಂದ ಮಗ್ಗಿಗೆ ಇನ್ನೊಮ್ಮೆ. ಎಲ್ಲರ ಮಗ್ಗೂ ತುಂಬಿದಂತೆ ಕಾಣುವುದರಿಂದ ಪಿಚರಿನಲ್ಲಿ ನಿಜವಾಗಿ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ.

ಪರೀಕ್ಷೆ ಮಾಡಲು ವಿಶೇಷ ಸಲಕರಣೆ ಬೇಡ. ಮೇಜಿಗೆ ಸೀಲ್ ಮಾಡಿದ ಅರ್ಧ ಲೀಟರ್ ನೀರಿನ ಬಾಟಲಿ ತರಿಸಿ. ಬಿಯರ್ ಮುಗಿದ ಮೇಲೆ, 500 ಎಂ.ಎಲ್. ಎಂದು ಹೇಳಿ ಕೊಟ್ಟ ಅದೇ ಮಗ್ಗಿಗೆ ಆ ನೀರನ್ನು ಸುರಿಯಿರಿ. ಬಾಟಲಿ ಖಾಲಿಯಾಗುವ ಮೊದಲೇ ಮಗ್ಗು ತುಂಬಿ ಹರಿದರೆ ವಾದಕ್ಕೆ ಇನ್ನೇನೂ ಬೇಕಿಲ್ಲ. ಯಾರು ಎಷ್ಟೇ ಜಾಗ್ರತೆಯಿಂದ ಹಾಕಿಕೊಟ್ಟರೂ ಆ ಮಗ್ಗಿನಲ್ಲಿ ಅರ್ಧ ಲೀಟರ್ ಬಿಯರ್ ಬರಲು ಸಾಧ್ಯವಿಲ್ಲ. ನೀರು ಸರಿಯಾಗಿ ಅಂಚಿಗೆ ನಿಂತರೆ ಅದು ಬಾಯಂಚಿನ ಮಗ್ಗು, ನೊರೆ ಬಂದಷ್ಟೂ ನಷ್ಟ. ಮೇಲೆ ಎರಡು ಬೆರಳು ಜಾಗ ಉಳಿದರೆ ಮಗ್ಗು ಒಳ್ಳೆಯದು. ಮುಂದಿನ ಸಲ ಬಿಯರ್ ಆ ನೀರಿನ ಮಟ್ಟಕ್ಕೆ ಬಂತೇ ಎಂದಷ್ಟೇ ನೋಡಿದರಾಯಿತು. ಪಿಚರ್ ಒಂದೂವರೆ ಲೀಟರ್ ಎಂದಿದ್ದರೆ ಇಂಥ ಮೂರು ಬಾಟಲಿ. ತೂಕ ಇನ್ನೂ ನಿಖರ, ಏಕೆಂದರೆ ತಕ್ಕಡಿಗೆ ನೊರೆಯ ಮೋಸ ನಡೆಯುವುದಿಲ್ಲ: ಗುಳ್ಳೆಗಳಿಗೆ ಹೇಳಿಕೊಳ್ಳುವ ಭಾರವಿಲ್ಲ, 500 ಎಂ.ಎಲ್. ಬಿಯರ್ 505 ಗ್ರಾಂ ಆಸುಪಾಸು ತೂಗುತ್ತದೆ. ಆದರೆ ತಕ್ಕಡಿ ಹಿಡಿದು ಬಾರಿಗೆ ಹೋಗುವವನ ಜೊತೆ ಎರಡನೇ ಸಲ ಯಾವ ಗೆಳೆಯನೂ ಬರುವುದಿಲ್ಲ.

ಕೇಳಬೇಕಾದದ್ದು ಮೊದಲ ಗುಟುಕಿಗೂ ಮುಂಚೆ. ತುಟಿ ತಾಗಿದ ಲೋಟಕ್ಕೆ ಬ್ರಿಟನ್ನಿನಲ್ಲೂ ಬೆಂಗಳೂರಿನಲ್ಲೂ ಬೆಲೆಯಿಲ್ಲ. ಲಂಡನ್ನಿನಲ್ಲಿರುವ ಕನ್ನಡಿಗರು ಸಂಕೋಚ ಬಿಟ್ಟು ‘ಟಾಪ್ ಅಪ್’ ಎಂದರೆ ಸಾಕು, ಅದು ಅಲ್ಲಿ ದಿನಬಳಕೆಯ ಮಾತು. ಇಲ್ಲಿ ಸಪ್ಲೈಯರ್‌ಗೆ ‘ಅಣ್ಣಾ, ನೊರೆ ಇಳೀತು ನೋಡಿ, ಸ್ವಲ್ಪ ಹಾಕ್ಕೊಂಡು ಬನ್ನಿ’ ಎಂದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಅವರ ಕೈಯಿಂದ ಹೋಗುವ ಬಿಯರೇನೂ ಅಲ್ಲವಲ್ಲ. ಹಾಟ್ ಡ್ರಿಂಕ್ಸ್ ವಿಷಯ ಬೇರೆ: 30, 60ರ ಪೆಗ್ ಅಳತೆ ಮೇಜಿನ ಬಳಿಯೇ ತುಂಬಲಿ, ಐಸ್ ಆಮೇಲೆ ಬೀಳಲಿ ಎಂದು ಹೇಳಿದರೆ ಅರ್ಧ ಸಮಸ್ಯೆ ಮುಗಿಯಿತು. ಕ್ವಾರ್ಟರ್ ತರಿಸುವವರು ಸೀಲು ತಾವೇ ಒಡೆಯುವುದು ನಮ್ಮ ಬಾರುಗಳ ಹಳೆಯ ಪದ್ಧತಿ, ಅದು ಸುಮ್ಮನೆ ಬಂದದ್ದಲ್ಲ.

ಕೇಳಿಯೂ ಆಗದಿದ್ದರೆ ಕಾನೂನು ನಿಮ್ಮ ಕಡೆ ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಾಪಾರಕ್ಕೆ ಬಳಸುವ ಅಳತೆಗೆ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಬೇಕು, ಹೇಳಿದ್ದಕ್ಕಿಂತ ಕಡಿಮೆ ಕೊಡುವುದು ಅಪರಾಧ. ಜನ ‘ತೂಕ ಮತ್ತು ಅಳತೆ ಇಲಾಖೆ’ ಎನ್ನುವ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಿನ ಜೊತೆ ಬಿಲ್ಲು, ಎಂ.ಎಲ್. ಬರೆದಿರುವ ಮೆನುವಿನ ಪುಟದ ಫೋಟೊ, ನೀರಿನ ಬಾಟಲಿಯ ಪಕ್ಕ ತುಂಬಿದ ಮಗ್ಗಿನ ಫೋಟೊ ಇರಲಿ. ಬಾಟಲಿಯಲ್ಲಿ ಉಳಿದ ನೀರೂ ಅದೇ ಫೋಟೊದಲ್ಲಿ ಕಾಣಬೇಕು, ಎಷ್ಟು ಎಂ.ಎಲ್. ಕೊರೆ ಎಂದು ಇನ್‌ಸ್ಪೆಕ್ಟರಿಗೆ ಗೊತ್ತಾಗುವುದು ಅದರಿಂದಲೇ.